ಬಾತ್‌ರೂಮಿನ ಎರಡು ಬಾಟಲಿ: ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್‌ನ 250 ವರ್ಷದ ಕಥೆ

ಇವತ್ತಿನ ಎಪಿಸೋಡ್ ಶುರುವಾಗೋದು ನಮ್ಮನೆ ಬಾತ್‌ರೂಮಿನ ಬಾಗಿಲಲ್ಲಿ.

ಹೋದ ವರ್ಷ, ಯುಗಾದಿಗೆ ಇನ್ನು ಎರಡು ದಿನ ಇತ್ತು. ನಾನು ಹೆಡ್‌ಫೋನ್ ಹಾಕ್ಕೊಂಡು ಹಿಂದಿನ ಎಪಿಸೋಡಿನ ಆಡಿಯೋ ಎಡಿಟ್ ಮಾಡ್ತಾ ಕೂತಿದ್ದೆ. ಅಮ್ಮ ಹಬ್ಬಕ್ಕೆ ಮನೆ ತೊಳೀತಿದ್ರು. ಹೆಡ್‌ಫೋನ್ ದಾಟಿ ಒಂದು ಕೆಮ್ಮು ಕೇಳಿಸ್ತು. ಧೂಳಿನ ಕೆಮ್ಮು ಅಂದ್ಕೊಂಡೆ. ಅದು ನಿಲ್ಲಲೇ ಇಲ್ಲ. ಹೋಗಿ ನೋಡಿದ್ರೆ ಅಮ್ಮ ಬಾತ್‌ರೂಮಿನ ಬಾಗಿಲು ಹಿಡ್ಕೊಂಡು ಬಗ್ಗಿ ನಿಂತಿದ್ದಾರೆ, ಕಣ್ಣಲ್ಲಿ ನೀರು ಸುರೀತಿದೆ, ಉಸಿರು ಎಳ್ಕೊಳ್ಳೋಕೆ ಆಗ್ತಿಲ್ಲ. ಒಳಗಿಂದ ಮೂಗು ಸುಡೋ ಹಾಗೆ ಘಾಟು.

ಹತ್ತಿರದ ನರ್ಸಿಂಗ್ ಹೋಮಿಗೆ ಆಟೋದಲ್ಲಿ ಕರ್ಕೊಂಡು ಓಡಿದೆ. ಆಕ್ಸಿಜನ್ ಹಾಕಿದ್ರು, ನೆಬ್ಯುಲೈಸರ್ ಕೊಟ್ರು, ರಾತ್ರಿ ತನಕ ಅಲ್ಲೇ ಇಟ್ಕೊಂಡ್ರು. ಡಾಕ್ಟರ್ ಕೇಳಿದ ಮೊದಲನೇ ಪ್ರಶ್ನೆ: "ಏನೇನು ಮಿಕ್ಸ್ ಮಾಡಿದ್ರಿ?"

ಅಮ್ಮ ಮಾಸ್ಕ್ ಸರಿಸಿ ಹೇಳಿದ್ರು: "ಮೊದಲು ಆಸಿಡ್ ಹಾಕ್ದೆ. ಕಪ್ಪು ಹೋಗಲಿಲ್ಲ. ಅದರ ಮೇಲೆ ಬ್ಲೀಚಿಂಗ್ ಪೌಡರ್ ಉದುರಿಸ್ದೆ. ಎರಡೂ ಸೇರಿದ್ರೆ ಪವರ್ ಜಾಸ್ತಿ ಆಗುತ್ತೆ ಅಂದ್ಕೊಂಡೆ ಕಣೋ."

ಅಮ್ಮ ಈಗ ಆರಾಮಾಗಿದ್ದಾರೆ. ಆದ್ರೆ ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಅಮ್ಮ ದಡ್ಡಿ ಅಲ್ಲ. ಮೂವತ್ತು ವರ್ಷ ಮನೆ ನಡೆಸಿದೋರು, ಯಾವ ಕಲೆಗೆ ಏನು ಹಾಕಬೇಕು ಅಂತ ಬೀದಿಗೆಲ್ಲ ಹೇಳಿಕೊಡೋರು. ಹಾಗಾದ್ರೆ "ಎರಡು ಸೇರಿದ್ರೆ ಪವರ್ ಜಾಸ್ತಿ" ಅನ್ನೋ ನಂಬಿಕೆ ಎಲ್ಲಿಂದ ಬಂತು? ಆ ಎರಡು ಬಾಟಲಿ ನಮ್ಮ ಬಾತ್‌ರೂಮಿನ ಮೂಲೆಗೆ ಬಂದಿದ್ದು ಹೇಗೆ? ಇವತ್ತು ಹೇಳೋದು ಅದೇ ಕಥೆ.

ಮೊದಲು ಕಲೆಗಳ ಪರಿಚಯ ಮಾಡ್ಕೊಳ್ಳೋಣ. ನಿಮ್ಮ ಬಾತ್‌ರೂಮಿನಲ್ಲಿ ಸಾಮಾನ್ಯವಾಗಿ ಮೂರು ಬಣ್ಣದ ಕಲೆ ಇರುತ್ತೆ. ಬಿಳಿ, ಗುಲಾಬಿ, ಕಪ್ಪು. ಮೂರೂ ಬೇರೆ ಬೇರೆ ಜಾತಿ.

ಬಿಳಿ ಕಲೆ ಕೊಳೆಯೇ ಅಲ್ಲ, ಅದು ಕಲ್ಲು. ಬೋರ್‌ವೆಲ್ ನೀರು ನೆಲದೊಳಗಿನ ಬಂಡೆಯಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಬರುತ್ತೆ. ನಲ್ಲಿಯ ಮೇಲೆ ನೀರು ಒಣಗಿದಾಗ ಅದು ಸುಣ್ಣದ ಪದರವಾಗಿ ಕೂರುತ್ತೆ. ಇದನ್ನೇ ಗಡಸು ನೀರು ಅನ್ನೋದು. ಕುಡಿಯೋ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ರೆ ಒಳ್ಳೇದು, ಬೇರೆ ದಾರಿ ಇಲ್ಲದಿದ್ರೆ 600ರ ತನಕ ಸಹಿಸಬಹುದು ಅನ್ನುತ್ತೆ ಭಾರತೀಯ ಮಾನಕ. ಬೆಂಗಳೂರಲ್ಲಿ ಈ ಬಿಳಿ ಕಲೆಗೂ ಒಂದು ಭೂಪಟ ಇದೆ. ಊರಿಗೆ 1890ರ ದಶಕದಲ್ಲಿ ಹೆಸರಘಟ್ಟ ಕೆರೆಯಿಂದ ಪೈಪಿನಲ್ಲಿ ನೀರು ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ. ಇವೆಲ್ಲ ಮೇಲ್ಮೈ ನೀರು, ಅಷ್ಟು ಗಡಸಲ್ಲ. ಕಾವೇರಿ ಪೈಪ್ ಮುಟ್ಟದ ಬಡಾವಣೆಗಳು ಬೋರ್‌ವೆಲ್ ಮತ್ತು ಟ್ಯಾಂಕರ್ ಮೇಲೆ ಬೆಳೆದವು. ನಲ್ಲಿಯ ಮೇಲಿನ ಬಿಳಿ ಕಲೆ ನೋಡಿದ್ರೆ ಆ ಮನೆಗೆ ಎಂಥ ನೀರು ಬರುತ್ತೆ ಅಂತ ಸುಮಾರಾಗಿ ಊಹೆ ಮಾಡಬಹುದು.

ಗುಲಾಬಿ ಕಲೆ ಹೆಚ್ಚಾಗಿ ಬ್ಯಾಕ್ಟೀರಿಯಾ. ಸೋಪಿನ ಡಬ್ಬಿ ಕೆಳಗೆ, ಬಕೆಟ್ ತಳದಲ್ಲಿ ಲೋಳೆ ಲೋಳೆಯಾಗಿ ಇರುತ್ತಲ್ಲ, ಅದು. ಇದಕ್ಕೂ ಒಂದು ಇತಿಹಾಸ ಇದೆ. 1819ರಲ್ಲಿ ಇಟಲಿಯ ಪಾದುವಾ ಹತ್ತಿರ, ಮೆಕ್ಕೆಜೋಳದ ಮುದ್ದೆ ಇದ್ದಕ್ಕಿದ್ದ ಹಾಗೆ ರಕ್ತದ ಬಣ್ಣಕ್ಕೆ ತಿರುಗಿ ಜನ ಗಾಬರಿಯಾದ್ರು. ಇದು ಮಾಟವಲ್ಲ, ಮುದ್ದೆ ಮೇಲೆ ಬೆಳೆಯೋ ಒಂದು ಜೀವಿ ಅಂತ ತೋರಿಸಿದ್ದು ಬಾರ್ತೊಲೊಮಿಯೊ ಬಿಜಿಯೊ. ಅದಕ್ಕೆ ಸೆರಾಟಿಯಾ ಅಂತ ಹೆಸರಿಟ್ಟವನೂ ಅವನೇ. ನಮ್ಮ ಬಕೆಟ್ಟಿನ ಗುಲಾಬಿ ಲೋಳೆಯಲ್ಲಿ ಎಷ್ಟೋ ಸಲ ಇರೋದು ಅದೇ ಸೆರಾಟಿಯಾ. ಬ್ರಷ್ ಹಾಕಿ ಉಜ್ಜಿ, ಬಕೆಟ್ ಬೋರಲು ಹಾಕಿ ಒಣಗಿಸಿದ್ರೆ ಹೋಗುತ್ತೆ.

ಮೂರನೇದು ಕಪ್ಪು. ಟೈಲ್ಸ್ ಸಂದಿಯಲ್ಲಿ, ಸೀಲಿಂಗ್ ಮೂಲೆಯಲ್ಲಿ, ವಾಶ್‌ಬೇಸಿನ್ ಹಿಂದೆ. ಇದು ಬೂಷ್ಟು. ಇದರ ಬೀಜಕಣಗಳು ಗಾಳಿಯಲ್ಲಿ ಯಾವಾಗಲೂ ಇರ್ತವೆ, ಅವನ್ನು ತಡೆಯೋಕಾಗಲ್ಲ. ಅವಕ್ಕೆ ಬೇಕಾಗಿರೋದು ತೇವ, ಜೊತೆಗೆ ಸೋಪಿನ ಜಿಡ್ಡು, ಚರ್ಮದ ಹೊಟ್ಟಿನಂಥ ಒಂಚೂರು ಊಟ. ಎರಡೂ ನಾವೇ ದಿನಾ ಕೊಡ್ತೀವಿ.

ಈಗ ನಮ್ಮಜ್ಜಿ ಮನೆಗೆ ಹೋಗೋಣ. ತಿಪಟೂರು ಕಡೆ ಒಂದು ಹಳ್ಳಿ. ಅಲ್ಲಿ ಬಾತ್‌ರೂಮ್ ಇರಲಿಲ್ಲ, ಬಚ್ಚಲುಮನೆ ಇತ್ತು. ಕಲ್ಲು ಚಪ್ಪಡಿ ನೆಲ, ಮೂಲೆಯಲ್ಲಿ ಗಾರೆ ಒಲೆ, ಅದರ ಮೇಲೆ ತಾಮ್ರದ ಹಂಡೆ. ತೆಂಗಿನ ಮಟ್ಟೆ, ಕರಟ, ಒಣಗಿದ ಗರಿ ಹಾಕಿ ಬೆಂಕಿ. ಗೋಡೆ ಪೂರ್ತಿ ಕಪ್ಪು, ಆದ್ರೆ ಅದು ಹೊಗೆಯ ಕಪ್ಪು. ಮೇಲೆ ಹೆಂಚು, ಹೆಂಚಿನ ಸಂದಿಯಲ್ಲಿ ಗಾಳಿ, ಬೆಳಕು. ಸ್ನಾನ ಮುಗಿದ ಮೇಲೂ ಒಲೆಯ ಕೆಂಡ ಗಂಟೆಗಟ್ಟಲೆ ಬಿಸಿ ಇರ್ತಿತ್ತು, ನೆಲ ತಾನಾಗೇ ಒಣಗ್ತಿತ್ತು. ಮಳೆಗಾಲದಲ್ಲಿ ಹೊರಗಡೆ ಮೋರಿ ಹತ್ತಿರ ಪಾಚಿ ಕಟ್ಟಿ ಜಾರೋದು, ಅಷ್ಟೇ.

ಅಜ್ಜಿಯ ಹತ್ತಿರ ಎರಡು ಸಾಮಾನು ಇತ್ತು: ಹುಣಸೆಹಣ್ಣು ಮತ್ತು ಬೂದಿ. ಹಂಡೆ ಬೆಳಗೋಕೆ ಹುಣಸೆಹಣ್ಣು. ಜಿಡ್ಡು ತೆಗೆಯೋಕೆ ಒಲೆಯ ಬೂದಿ, ತೆಂಗಿನ ನಾರು. ಕೆಮಿಸ್ಟ್ರಿಯ ಭಾಷೆಯಲ್ಲಿ ಹೇಳೋದಾದ್ರೆ ಹುಣಸೆಹಣ್ಣು ಆಮ್ಲ, ಬೂದಿ ಕ್ಷಾರ. ಹಬ್ಬ ಬಂತು ಅಂದ್ರೆ ಅಜ್ಜಿ ಎರಡನ್ನೂ ಸೇರಿಸಿ ಉಜ್ಜೋರು. ಏನೂ ಆಗ್ತಿರಲಿಲ್ಲ. ಬೂದಿಯ ಜೊತೆ ಹುಣಸೆಹಣ್ಣು ಸೇರಿದ್ರೆ ಒಂಚೂರು ನೊರೆ ಬರಬಹುದು, ಒಂದರ ಶಕ್ತಿ ಇನ್ನೊಂದು ಕಡಿಮೆ ಮಾಡಬಹುದು. ಅಷ್ಟೇ.

ಇದನ್ನು ನೋಡಿಕೊಂಡೇ ಬೆಳೆದೋರು ಅಮ್ಮ. ಒಂದರಿಂದ ಹೋಗದಿದ್ರೆ ಎರಡು ಸೇರಿಸು ಅನ್ನೋದು ಅವರು ಹುಟ್ಟಿದ ಮನೆಯ ಪಾಠ. ಮದುವೆಯಾಗಿ ಊರು ಬಿಟ್ಟು, ಬಾಡಿಗೆ ಮನೆಗಳನ್ನು ದಾಟಿ ಈ ಎರಡನೇ ಮಹಡಿಯ ಫ್ಲಾಟಿಗೆ ಬಂದ್ರು. ಒಲೆ ಹೋಗಿ ಗೀಸರ್ ಬಂತು. ಹೆಂಚಿನ ಬದಲು ಸಿಮೆಂಟ್ ಸೀಲಿಂಗ್. ಕಿಟಕಿ ಇರಬೇಕಾದ ಕಡೆ ಡಕ್ಟಿಗೆ ತೆರೆಯೋ ಒಂದು ಗಾಜಿನ ವೆಂಟಿಲೇಟರ್, ಅದೂ ಜಿರಲೆ ಬರುತ್ತೆ ಅಂತ ಮುಚ್ಚಿತ್ತು. ಹುಣಸೆಹಣ್ಣಿನ ಜಾಗಕ್ಕೆ ಆಸಿಡ್ ಬಾಟಲಿ ಬಂತು, ಬೂದಿಯ ಜಾಗಕ್ಕೆ ಬ್ಲೀಚಿಂಗ್ ಪೌಡರ್. ಪಾಠ ಮಾತ್ರ ಹಳೇದೇ ಉಳೀತು.

ಹೊಸ ಸಾಮಾನಿನ ಕಥೆ ಶುರುವಾಗೋದು ಸ್ವೀಡನ್ನಿನಲ್ಲಿ. 1774ನೇ ಇಸವಿ. ಉಪ್ಸಾಲಾ ಅನ್ನೋ ಊರಲ್ಲಿ ಕಾರ್ಲ್ ವಿಲ್ಹೆಲ್ಮ್ ಶೀಲೆ ಅಂತ ಒಬ್ಬ ಔಷಧಿ ಅಂಗಡಿಯವನು. ಅವನು ಕಪ್ಪನೆಯ ಮ್ಯಾಂಗನೀಸ್ ಅದಿರಿಗೆ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ ಕಾಯಿಸಿದ. ಮ್ಯಾಂಗನೀಸ್ ಅಂದ್ರೆ ನಮ್ಮ ಸಂಡೂರಿನ ಬೆಟ್ಟಗಳಲ್ಲೂ ಸಿಗೋ ಅದಿರೇ. ಆಸಿಡ್ ಅಂದ್ರೆ ಅಮ್ಮನ ಬಾಟಲಿಯಲ್ಲಿ ಇದ್ದಿದ್ದೇ. ಹಳದಿ ಹಸಿರು ಬಣ್ಣದ ಒಂದು ಗಾಳಿ ಎದ್ದಿತು. ಅದು ಶ್ವಾಸಕೋಶಕ್ಕೆ ತುಂಬ ಹಿಂಸೆ ಕೊಡುತ್ತೆ ಅಂತ ಶೀಲೆ ಬರೆದಿಟ್ಟ. ಹೂವು, ಎಲೆ ಅದರಲ್ಲಿ ಹಿಡಿದ್ರೆ ಬಣ್ಣ ಹೋಗುತ್ತೆ ಅನ್ನೋದನ್ನೂ ಗಮನಿಸಿದ. 1810ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ಇದು ಒಂದು ಮೂಲವಸ್ತು ಅಂತ ಹೇಳಿ ಕ್ಲೋರಿನ್ ಅಂತ ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ತಿಳಿಹಸಿರು ಅಂತ ಅರ್ಥ.

ಈ ಗಾಳಿಗೆ ಮೊದಲು ಗಿರಾಕಿ ಸಿಕ್ಕಿದ್ದು ಬಟ್ಟೆ ವ್ಯಾಪಾರದಲ್ಲಿ. ಆಗ ಯುರೋಪಿನಲ್ಲಿ ಲಿನನ್ ಬಟ್ಟೆ ಬೆಳ್ಳಗೆ ಮಾಡೋಕೆ ತಿಂಗಳುಗಟ್ಟಲೆ ಬೇಕಿತ್ತು. ಬೂದಿನೀರಲ್ಲಿ ನೆನೆಸಿ, ಹುಳಿ ಮಜ್ಜಿಗೆಯಲ್ಲಿ ಅದ್ದಿ, ಹುಲ್ಲುಗಾವಲಲ್ಲಿ ಬಿಸಿಲಿಗೆ ಹಾಸೋರು. ಗಮನಿಸಿ, ಅಲ್ಲೂ ಬೂದಿ ಮತ್ತು ಹುಳಿ, ಅಜ್ಜಿಯ ಫಾರ್ಮುಲಾನೇ. 1785ರ ಹೊತ್ತಿಗೆ ಫ್ರಾನ್ಸಿನ ಬೆರ್ತೊಲೆ ಕ್ಲೋರಿನ್ನಿನಿಂದ ಬಟ್ಟೆ ಬಿಳಿ ಮಾಡಬಹುದು ಅಂತ ತೋರಿಸಿದ. 1799ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಟೆನ್ನಂಟ್ ಕ್ಲೋರಿನ್ನನ್ನು ಒಣ ಸುಣ್ಣಕ್ಕೆ ಹೀರಿಸಿ ಪುಡಿ ಮಾಡೋ ವಿಧಾನಕ್ಕೆ ಪೇಟೆಂಟ್ ತಗೊಂಡ. ಆ ಪುಡಿಯೇ ಬ್ಲೀಚಿಂಗ್ ಪೌಡರ್. ಗಾಳಿಯನ್ನು ಪುಡಿ ಮಾಡಿ ಡಬ್ಬಿಯಲ್ಲಿ ತುಂಬಿ ಮಾರಿದ ಅಂತಲೇ ಅನ್ನಬಹುದು. ತಿಂಗಳ ಕೆಲಸ ದಿನಗಳಿಗೆ ಇಳೀತು.

ಈಗ ನನ್ನಂಥ ಬಿ.ಕಾಂ. ಹುಡುಗರಿಗೆ ಇಷ್ಟವಾಗೋ ಭಾಗ. ಬೈ-ಪ್ರಾಡಕ್ಟ್ ಕಾಸ್ಟಿಂಗ್ ಅಂತ ಒಂದು ಚಾಪ್ಟರ್ ಇತ್ತು, ನೆನಪಿದೆಯಾ? ಅದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಸಿಕ್ಕಿಲ್ಲ.

ಅದೇ ಕಾಲದಲ್ಲಿ ಸೋಪು ಮತ್ತು ಗಾಜಿಗೆ ಸೋಡಾ ಬೇಕಿತ್ತು. ಅಡುಗೆ ಉಪ್ಪಿನಿಂದ ಸೋಡಾ ಮಾಡೋ ವಿಧಾನಕ್ಕೆ 1791ರಲ್ಲಿ ಫ್ರಾನ್ಸಿನ ನಿಕೊಲಾ ಲೆಬ್ಲಾಂ ಪೇಟೆಂಟ್ ಪಡೆದಿದ್ದ. ಆ ಕಾರ್ಖಾನೆಗಳಲ್ಲಿ ಮೊದಲನೇ ಹಂತದಲ್ಲೇ ಹೈಡ್ರೋಕ್ಲೋರಿಕ್ ಆಸಿಡ್ಡಿನ ಹೊಗೆ ಬರ್ತಿತ್ತು. ಮಾಲೀಕರಿಗೆ ಅದು ಬೇಡದ ವಸ್ತು, ಚಿಮಣಿಯಿಂದ ಆಕಾಶಕ್ಕೆ ಬಿಟ್ರು. ಸುತ್ತಮುತ್ತ ಮರ ಒಣಗಿದ್ವು, ಬೆಳೆ ಸುಟ್ಟುಹೋಯ್ತು, ಜನ ಕೆಮ್ಮಿದ್ರು. ದೂರು ಬಂದಷ್ಟೂ ಚಿಮಣಿ ಎತ್ತರ ಆಗ್ತಾ ಹೋಯ್ತು. ಟೆನ್ನಂಟ್ ಕಂಪನಿ ಗ್ಲಾಸ್ಗೋದಲ್ಲಿ 400 ಅಡಿಗಿಂತ ಎತ್ತರದ ಚಿಮಣಿ ಕಟ್ಟಿತು. ಕಾರ್ಖಾನೆಯ ಲೆಕ್ಕದ ಪುಸ್ತಕದಲ್ಲಿ ಈ ನಷ್ಟ ಎಲ್ಲೂ ಇರಲಿಲ್ಲ, ಅದು ಅಕ್ಕಪಕ್ಕದೋರ ಖಾತೆಗೆ ಹೋಗ್ತಿತ್ತು.

1863ರಲ್ಲಿ ಬ್ರಿಟಿಷ್ ಪಾರ್ಲಿಮೆಂಟ್ ಅಲ್ಕಲಿ ಕಾಯ್ದೆ ತಂತು. ಆಸಿಡ್ ಹೊಗೆಯಲ್ಲಿ ಶೇಕಡ 95ರಷ್ಟನ್ನು ಹಿಡಿದಿಡಲೇಬೇಕು, ನೋಡೋಕೆ ಇನ್‌ಸ್ಪೆಕ್ಟರ್ ಬರ್ತಾನೆ. ಮೊದಲ ಇನ್‌ಸ್ಪೆಕ್ಟರ್ ರಾಬರ್ಟ್ ಆ್ಯಂಗಸ್ ಸ್ಮಿತ್, ಆಮ್ಲ ಮಳೆ ಅನ್ನೋ ಮಾತು ಬಳಕೆಗೆ ತಂದ ವಿಜ್ಞಾನಿ. ಸರಿ, ಹೊಗೆಯನ್ನು ನೀರಲ್ಲಿ ಕರಗಿಸಿ ಹಿಡಿದ್ರು. ಈಗ ಕಾರ್ಖಾನೆ ತುಂಬ ಆಸಿಡ್. ಏನ್ ಮಾಡೋದು? ಶೀಲೆ ಮಾಡಿದ್ದೇ ಮಾಡಿದ್ರು. ಆಸಿಡ್ಡಿಗೆ ಮ್ಯಾಂಗನೀಸ್ ಸೇರಿಸಿ ಕ್ಲೋರಿನ್ ತೆಗೆದ್ರು, ಕ್ಲೋರಿನ್ನಿಂದ ಬ್ಲೀಚಿಂಗ್ ಪೌಡರ್ ಮಾಡಿ ಮಾರಿದ್ರು. ಚಿಮಣಿಯಲ್ಲಿ ಬಿಸಾಡ್ತಿದ್ದ ಕಸ ಲಾಭದ ಮಾಲಾಯ್ತು.

ಅಂದ್ರೆ ಏನು? ಬಾತ್‌ರೂಮಿನ ಮೂಲೆಯ ಆ ಎರಡು ಬಾಟಲಿ ಒಂದೇ ಮನೆತನದವು. ಇವತ್ತು ಉಪ್ಪು ನೀರಿಗೆ ಕರೆಂಟ್ ಹಾಯಿಸಿ ಕ್ಲೋರಿನ್ ತೆಗೀತಾರೆ. ನಮ್ಮ ಕಾರವಾರದ ಬಿಣಗಾದಲ್ಲಿರೋ ಕಾಸ್ಟಿಕ್ ಸೋಡಾ ಕಾರ್ಖಾನೆಯೂ ಇದೇ ಉದ್ಯಮಕ್ಕೆ ಸೇರಿದ್ದು. ಆ ಕ್ಲೋರಿನ್ ಒಂದು ದಾರಿಯಲ್ಲಿ ಹೋದ್ರೆ ಬ್ಲೀಚ್, ಇನ್ನೊಂದು ದಾರಿಯಲ್ಲಿ ಹೋದ್ರೆ ಹೈಡ್ರೋಕ್ಲೋರಿಕ್ ಆಸಿಡ್. ಎರಡನ್ನೂ ಮತ್ತೆ ಒಂದೇ ಕಡೆ ಸುರಿದ್ರೆ, ಒಳಗಿದ್ದ ಕ್ಲೋರಿನ್ ಗಾಳಿಯಾಗಿ ಹೊರಗೆ ಬರುತ್ತೆ. ಶೀಲೆ ಅದಿರನ್ನು ಕಾಯಿಸಬೇಕಾಯ್ತು. ಅಮ್ಮನಿಗೆ ಬೆಂಕಿಯೂ ಬೇಕಾಗಲಿಲ್ಲ.

ಕ್ಲೋರಿನ್ ಬರೀ ವಿಲನ್ ಅಂತ ನಾನು ಹೇಳ್ತಿಲ್ಲ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಅನ್ನೋ ಡಾಕ್ಟರ್, ಹೆರಿಗೆ ಕೋಣೆಗೆ ಬರೋ ಮೊದಲು ಎಲ್ಲರೂ ಇದೇ ಬ್ಲೀಚಿಂಗ್ ಪೌಡರ್ ನೀರಲ್ಲಿ ಕೈ ತೊಳೀಬೇಕು ಅಂತ ನಿಯಮ ಮಾಡಿದ. ಏಪ್ರಿಲ್‌ನಲ್ಲಿ ಶೇಕಡ 18ರಷ್ಟಿದ್ದ ಬಾಣಂತಿಯರ ಸಾವು ಎರಡೇ ತಿಂಗಳಲ್ಲಿ ಶೇಕಡ 2ರ ಆಸುಪಾಸಿಗೆ ಬಂತು. ನಮ್ಮ ಊರುಗಳ ಕುಡಿಯೋ ನೀರಿನ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕ್ತಾರೆ. 2020ರಲ್ಲಿ ಕೋವಿಡ್ ಬಂದಾಗ ಬೀದಿಬೀದಿಗೆ ಸಿಂಪಡಿಸಿದ್ದೂ ಇದರ ತಮ್ಮನನ್ನೇ, ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ. ಅಮ್ಮನಿಗೆ ಬ್ಲೀಚಿಂಗ್ ಪೌಡರ್ ಮೇಲೆ ಅಷ್ಟು ಭಕ್ತಿ ಬಂದಿದ್ದೂ ಆಗಲೇ.

ಇನ್ನೊಂದು ಮುಖವೂ ಇದೆ. 1915ರ ಏಪ್ರಿಲ್ 22, ಬೆಲ್ಜಿಯಂನ ಈಪರ್. ಜರ್ಮನ್ ಸೈನ್ಯ ಸಾವಿರಾರು ಸಿಲಿಂಡರ್ ತೆರೆದು 150 ಟನ್ನಿಗೂ ಹೆಚ್ಚು ಕ್ಲೋರಿನ್ನನ್ನು ಗಾಳಿಗೆ ಬಿಟ್ಟಿತು. ಇದರ ಹಿಂದಿದ್ದ ವಿಜ್ಞಾನಿ ಫ್ರಿಟ್ಜ್ ಹೇಬರ್. ಕ್ಲೋರಿನ್ ಗಾಳಿಗಿಂತ ಭಾರ, ನೆಲ ಹಿಡಿದು ಹರಿದು ಕಂದಕಗಳಿಗೆ ಇಳೀತು. ನಾಲ್ಕು ದಿನ ಬಿಟ್ಟು, ಏಪ್ರಿಲ್ 26ಕ್ಕೆ, ಅದೇ ಈಪರ್‌ನಲ್ಲಿ ಗ್ಯಾಸಿಗೆ ಸಿಕ್ಕವರಲ್ಲಿ ನಮ್ಮ ದೇಶದ ಸೈನಿಕರೂ ಇದ್ರು, ಲಾಹೋರ್ ಡಿವಿಷನ್ನಿನವರು. ಸರಿಯಾದ ಮಾಸ್ಕ್ ಇರಲಿಲ್ಲ, ಒದ್ದೆ ಬಟ್ಟೆ ಮುಖಕ್ಕೆ ಕಟ್ಟಿಕೊಂಡ್ರು.

ಬಾತ್‌ರೂಮಿನಲ್ಲಿ ಬಂದಿದ್ದು ಅದರ ಎಳ್ಳಷ್ಟು ಪಾಲು ಇರಬಹುದು. ಆದ್ರೆ ಗಾಳಿ ಅದೇ. ನೆಲ ಹಿಡಿಯೋ ಗುಣವೂ ಅದೇ. ನಾಲ್ಕಡಿ ಆರಡಿ ಕೋಣೆ, ಮುಚ್ಚಿದ ವೆಂಟಿಲೇಟರ್, ಬಗ್ಗಿ ನೆಲ ಉಜ್ಜುತ್ತಿರೋ ಒಬ್ಬ ಹೆಂಗಸು. ಅವರ ಮೂಗು ಎಲ್ಲಿರುತ್ತೆ ಯೋಚಿಸಿ.

ಆಸಿಡ್ ಬಾಟಲಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ನಾನು ಚಿಕ್ಕವನಿದ್ದಾಗ ತಳ್ಳುಗಾಡಿಯವರು "ಆಸಿಡ್, ಫಿನಾಯಿಲ್" ಅಂತ ಕೂಗ್ತಾ ಬರ್ತಿದ್ರು. ಹಳೇ ಬಾಟಲಿಗೆ ತುಂಬಿಸಿ ಕೊಡೋರು, ಲೇಬಲ್ ಇಲ್ಲ, ಎಷ್ಟು ಸ್ಟ್ರಾಂಗ್ ಅಂತ ಯಾರಿಗೂ ಗೊತ್ತಿಲ್ಲ. ಕಕ್ಕಸು ತೊಳೆಯೋ ಹೆಸರಲ್ಲಿ ಅಷ್ಟು ಸುಲಭವಾಗಿ ಸಿಗ್ತಿದ್ದ ಆಸಿಡ್ಡೇ ಹೆಣ್ಣುಮಕ್ಕಳ ಮುಖಕ್ಕೂ ಬಿತ್ತು. ದಾಳಿಗೆ ಒಳಗಾದ ಲಕ್ಷ್ಮಿ ಸುಪ್ರೀಂ ಕೋರ್ಟಿಗೆ ಹೋದ್ರು. 2013ರ ಜುಲೈನಲ್ಲಿ ಕೋರ್ಟ್ ಹೇಳಿತು: ಕೊಳ್ಳೋರ ಹೆಸರು, ವಿಳಾಸ ಬರೆದುಕೊಳ್ಳದೆ ಅಂಗಡಿಯಲ್ಲಿ ಆಸಿಡ್ ಮಾರಬಾರದು, ಗುರುತಿನ ಚೀಟಿ ನೋಡಬೇಕು, 18 ವರ್ಷ ಆಗದೋರಿಗೆ ಕೊಡಲೇಬಾರದು. ಆ ಆದೇಶದ ಹಿಂದೆ ಇರೋದು ಬಾತ್‌ರೂಮಿನ ಮೂಲೆಯಲ್ಲಿ ಯಾರೂ ಗಮನಿಸದೆ ಕೂತಿದ್ದ ಬಾಟಲಿ.

ಸರಿ, ನಮ್ಮನೆಗೆ ವಾಪಸ್ ಬರೋಣ. ಇಷ್ಟೆಲ್ಲ ಓದಿದ ಮೇಲೆ ನನಗೆ ಒಂದು ವಿಷಯ ಗೊತ್ತಾಯ್ತು, ಅಮ್ಮನಿಗೆ ಹೇಳಿದಾಗ ಅವರು ತಲೆ ಚಚ್ಚಿಕೊಂಡ್ರು. ಆಸಿಡ್ ಬಿಳಿ ಕಲೆಯನ್ನು ತೆಗೆಯುತ್ತೆ ನಿಜ, ಸುಣ್ಣವನ್ನು ನೊರೆ ನೊರೆಯಾಗಿ ಕರಗಿಸುತ್ತೆ. ಆದ್ರೆ ಟೈಲ್ಸ್ ಸಂದಿಗೆ ತುಂಬಿರೋದೂ ಸಿಮೆಂಟು, ಅದರಲ್ಲೂ ಸುಣ್ಣದ ಅಂಶ ಇದೆ. ಆಸಿಡ್ ಅದನ್ನೂ ತಿನ್ನುತ್ತೆ. ಪ್ರತಿ ತಿಂಗಳು ಆಸಿಡ್ ಹಾಕಿದ ಹಾಗೆ ಸಂದಿ ಒರಟಾಗುತ್ತೆ, ಗುಂಡಿ ಬೀಳುತ್ತೆ. ಆ ಗುಂಡಿಯಲ್ಲಿ ನೀರು ನಿಲ್ಲುತ್ತೆ, ಜಿಡ್ಡು ಕೂರುತ್ತೆ, ಬೂಷ್ಟು ಬೇರು ಬಿಡುತ್ತೆ. ಬಿಳಿ ಕಲೆಗೆ ಅಂತ ವರ್ಷಗಟ್ಟಲೆ ಹಾಕಿದ ಆಸಿಡ್ಡೇ ಕಪ್ಪು ಕಲೆಗೆ ಮನೆ ಕಟ್ಟಿಕೊಟ್ಟಿತ್ತು. ಇನ್ನು ಬ್ಲೀಚ್ ಮೇಲಿನ ಕಪ್ಪನ್ನು ಬೆಳ್ಳಗೆ ಮಾಡುತ್ತೆ, ಆದ್ರೆ ಒಳಗಿನ ತೇವ ಹಾಗೇ ಇದ್ರೆ ಕೆಲವು ವಾರಕ್ಕೆ ಮತ್ತೆ ಕಪ್ಪು.

ನಾವು ಈಗ ಮಾಡ್ತಿರೋದು ಇಷ್ಟು. ವೆಂಟಿಲೇಟರಿಗೆ ಜಾಲರಿ ಹಾಕಿಸಿ ತೆರೆದಿಟ್ಟಿದ್ದೀವಿ. ಕೆಟ್ಟಿದ್ದ ಎಕ್ಸಾಸ್ಟ್ ಫ್ಯಾನ್ ರಿಪೇರಿ ಆಗಿದೆ, ಸ್ನಾನ ಆದ ಮೇಲೂ ಸ್ವಲ್ಪ ಹೊತ್ತು ಓಡುತ್ತೆ. ಕೊನೆಯಲ್ಲಿ ಸ್ನಾನ ಮಾಡಿದೋರು ಗೋಡೆ, ನೆಲ ವೈಪರ್ ಎಳೆದು ಬರಬೇಕು. ಆ ಕೊನೆಯೋನು ಸಾಮಾನ್ಯವಾಗಿ ನಾನೇ. ಗುಂಡಿ ಬಿದ್ದ ಸಂದಿಗಳನ್ನು ಕೆರೆದು ಹೊಸ ಗ್ರೌಟ್ ತುಂಬಿಸಿದ್ವಿ. ನಲ್ಲಿಯ ಬಿಳಿ ಕಲೆಗೆ ದಿನಸಿ ಅಂಗಡಿಯಲ್ಲಿ ಸಿಗೋ ನಿಂಬೆ ಉಪ್ಪು ನೀರಲ್ಲಿ ಕರಗಿಸಿ, ಬಟ್ಟೆಯಲ್ಲಿ ಅದ್ದಿ ಸುತ್ತಿಡ್ತೀವಿ. ಅರ್ಧ ಗಂಟೆಗೆ ಸಡಿಲ ಆಗುತ್ತೆ. ಬೂಷ್ಟು ಕಂಡ್ರೆ ಮೊದಲು ಸೋಪ್ ನೀರು, ಬ್ರಷ್. ಅಪರೂಪಕ್ಕೆ ಬ್ಲೀಚ್ ಬೇಕಾದ್ರೆ ಅವತ್ತು ಬ್ಲೀಚ್ ಒಂದೇ, ಕಿಟಕಿ ಬಾಗಿಲು ತೆರೆದು.

ಇಲ್ಲೊಂದು ಎಚ್ಚರಿಕೆ, ದಯವಿಟ್ಟು ಮನೆಯಲ್ಲಿ ಕ್ಲೀನ್ ಮಾಡೋರಿಗೂ ಕೇಳಿಸಿ. ಬ್ಲೀಚಿನ ಜೊತೆ ಆಸಿಡ್ ಅಷ್ಟೇ ಅಲ್ಲ, ಟಾಯ್ಲೆಟ್ ಕ್ಲೀನರ್, ವಿನೆಗರ್, ನಿಂಬೆ ಉಪ್ಪು ಯಾವುದೂ ಸೇರಬಾರದು. ಎಲ್ಲವೂ ಹುಳಿಯೇ. ಅಮೋನಿಯಾ ಇರೋ ಕ್ಲೀನರ್ ಕೂಡ ಬೇಡ, ಅದರಿಂದ ಬೇರೊಂದು ವಿಷಗಾಳಿ ಬರುತ್ತೆ. ಹಾಗೊಂದು ವೇಳೆ ಘಾಟು ಬಂದ್ರೆ, ತೊಳೆದುಬಿಡೋಣ ಅಂತ ಒಳಗೆ ಹೋಗಬೇಡಿ. ತಕ್ಷಣ ಹೊರಗಿನ ಗಾಳಿಗೆ ಬನ್ನಿ, ಬೇರೆಯವರನ್ನೂ ಹೊರಗೆ ಕರೆಯಿರಿ. ಕಣ್ಣು ಉರಿದ್ರೆ ನೀರಲ್ಲಿ ತೊಳೀತಾ ಇರಿ. ಕೆಮ್ಮು ನಿಲ್ಲದಿದ್ರೆ, ಉಸಿರು ಕಟ್ಟಿದ್ರೆ ಆಸ್ಪತ್ರೆಗೆ ಹೋಗಿ, ಏನೇನು ಸೇರಿಸಿದ್ರಿ ಅಂತ ಹೇಳಿ.

ನಿಮ್ಮನೆ ಬಾತ್‌ರೂಮ್ ತೊಳೆಯೋದು ಅಮ್ಮನೋ, ಕೆಲಸಕ್ಕೆ ಬರೋ ಅಕ್ಕನೋ, ಯಾರೇ ಇರಲಿ, ಇದನ್ನು ಅವರಿಗೆ ಹೇಳೋದು ನಮ್ಮ ಕೆಲಸ. ಬಾಟಲಿಯ ಹಿಂದೆ ಇರುವೆ ಗಾತ್ರದ ಇಂಗ್ಲಿಷಿನಲ್ಲಿ ಬರೆದಿರೋದನ್ನು ಓದೋಕೆ ಬರೋದು ನಮಗೆ, ತೊಳೆಯೋದು ಅವರು. ನಮ್ಮನೆಯಲ್ಲೂ ಹಾಗೇ ಆಗಿದ್ದು. ಲೇಬಲ್ ಓದಬಲ್ಲ ಮಗ ಪಕ್ಕದ ರೂಮಲ್ಲಿ ಹೆಡ್‌ಫೋನ್ ಹಾಕ್ಕೊಂಡು ಕೂತಿದ್ದ.

ಈ ಸ್ಕ್ರಿಪ್ಟ್ ಅಮ್ಮನಿಗೆ ಓದಿ ಹೇಳಿದೆ. ಅಜ್ಜಿಯ ಹಂಡೆ ಬಂದ ಕಡೆ ನಿಲ್ಲಿಸಿ, "ಆ ಹಂಡೆ ಈಗ ಮಾವನ ಮನೆ ಅಟ್ಟದ ಮೇಲಿದೆ, ಈ ಸಲ ಹೋದಾಗ ಹುಣಸೆಹಣ್ಣು ಹಾಕಿ ಬೆಳಗಿಕೊಡು" ಅಂದ್ರು. ಆಯ್ತು ಅಂದಿದ್ದೀನಿ.